ಅಂಚೆ ಬಂದ ಮೇಲೆ ಊರಾದ ಊರುಗಳು

ಅಮೆರಿಕದ ಕೆಂಟಕಿ ರಾಜ್ಯದಲ್ಲಿ 120 ಕೌಂಟಿಗಳಿವೆ. ಆಗ್ನೇಯ ದಿಕ್ಕಿನ ಅಪಲೇಚಿಯನ್ ಬೆಟ್ಟಸಾಲಿನ ನಡುವೆ ಇರುವ ಪೆರಿ ಕೌಂಟಿ ಅವುಗಳಲ್ಲಿ ಒಂದು. ಆಡಳಿತದ ಲೆಕ್ಕದಲ್ಲಿ ಅದು ಪುಟ್ಟ ಜಿಲ್ಲೆ, ವಿಸ್ತೀರ್ಣದಲ್ಲಿ ನಮ್ಮ ಒಂದು ತಾಲ್ಲೂಕಿನಷ್ಟು. 2020ರ ಜನಗಣತಿಯಲ್ಲಿ ಅಲ್ಲಿದ್ದವರು 28 ಸಾವಿರಕ್ಕೆ ತುಸು ಹೆಚ್ಚು. ಅದರ ಭೂಪಟ ಬಿಡಿಸಿದರೆ ಕಣ್ಣಿಗೆ ಬೀಳುವ ಹೆಸರುಗಳು ಇವು: ಹ್ಯಾಜರ್ಡ್, ಡ್ವಾರ್ಫ್, ವೈಪರ್, ರೌಡಿ, ಹ್ಯಾಪಿ, ಬ್ಯುಸಿ, ವಿಕೊ, ಕ್ರಿಪ್ಟಾನ್. ಒಂದು ಊರು ಅಪಾಯ, ಇನ್ನೊಂದು ಕುಳ್ಳ, ಮತ್ತೊಂದು ವಿಷದ ಹಾವು. ಅಕ್ಕಪಕ್ಕದಲ್ಲೇ ಪುಂಡನೂ ಇದ್ದಾನೆ, ಸಂತೋಷವೂ ಇದೆ.

ಇಂಥ ಹೆಸರುಗಳನ್ನು ಇಟ್ಟವರು ಯಾರು? ದೊರೆಗಳಲ್ಲ, ದಂಡನಾಯಕರಲ್ಲ. ಬಹುಪಾಲು ಹೆಸರುಗಳು ಊರಿಗೆ ಅಂಚೆ ಕಚೇರಿ ಬೇಕೆಂದು ಕೇಳಿ ಬರೆದ ಅರ್ಜಿಯ ಮೇಲೆ ಹುಟ್ಟಿದವು. ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಕೂತು ಯಾರೋ ಒಬ್ಬರು ಬರೆದ ಒಂದು ಪದ ವಾಷಿಂಗ್ಟನ್ನಿನಲ್ಲಿ ಒಪ್ಪಿಗೆ ಪಡೆಯಿತು. ಮುದ್ರೆಯಾಗಿ ಮರಳಿ ಬಂದು ಕಾಗದಗಳ ಮೇಲೆ ಬಿತ್ತು, ಭೂಪಟ ಸೇರಿತು.

ನಮ್ಮಲ್ಲಿ ಕ್ರಮ ಬೇರೆ. ಸಾವಿರ ವರ್ಷದ ಹಿಂದಿನ ದಾನಶಾಸನದಲ್ಲಿ ಕಂಡ ಊರಿನ ಹೆಸರು ಇಂದಿಗೂ ಬಸ್ಸಿನ ಬೋರ್ಡಿನ ಮೇಲೆ ಇರುತ್ತದೆ. ಊರು ಮೊದಲು, ಅಂಚೆ ಆಮೇಲೆ. ಪೆರಿ ಕೌಂಟಿಯಲ್ಲಿ ಅಂಚೆ ಮೊದಲು ಬಂತು, ಊರು ಅದರ ಬೆನ್ನಿಗೆ ಬಂತು. ಹಾಗಾಗಿ ಅಲ್ಲಿನ ಸ್ಥಳನಾಮ ಚರಿತ್ರೆ ಎಂದರೆ ಬಹುಮಟ್ಟಿಗೆ ಹಳ್ಳಿ ಅಂಚೆ ಕಚೇರಿಗಳ ಚರಿತ್ರೆಯೇ.

ವಿಳಾಸವಿಲ್ಲದ ಕಣಿವೆಗಳು

ಪೆರಿ ಕೌಂಟಿ ರೂಪುಗೊಂಡದ್ದು 1820ರಲ್ಲಿ, ಕ್ಲೇ ಮತ್ತು ಫ್ಲಾಯ್ಡ್ ಕೌಂಟಿಗಳಿಂದ ಬಿಡಿಸಿಕೊಂಡ ನೆಲದಲ್ಲಿ. ಕೆಂಟಕಿ ನದಿಯ ಉತ್ತರ ಕವಲು ಅದರ ನಡುವೆ ಬಳುಕುತ್ತ ಹರಿಯುತ್ತದೆ. ಕಡಿದಾದ ಬೆಟ್ಟಗಳ ಸಂದಿಯಿಂದ ನೂರಾರು ತೊರೆಗಳು ಇಳಿದು ಅದಕ್ಕೆ ಸೇರುತ್ತವೆ. ಸಮತಟ್ಟಾದ ನೆಲ ಇರುವುದು ತೊರೆಗಳ ಅಂಚಿನಲ್ಲಿ ಮಾತ್ರ. ವಲಸೆ ಬಂದವರು ಅಲ್ಲಲ್ಲೇ ಮರದ ದಿಮ್ಮಿಗಳ ಮನೆ ಕಟ್ಟಿದರು. ಮನೆಗಳು ಒಂದೆಡೆ ಗುಂಪಾಗಲಿಲ್ಲ, ತೊರೆಯ ಉದ್ದಕ್ಕೂ ಚದುರಿದವು. ಇಂಥ ಇಕ್ಕಟ್ಟಿನ ಕಣಿವೆಯನ್ನು ಅಲ್ಲಿಯವರು ‘ಹಾಲರ್’ ಎನ್ನುತ್ತಾರೆ.

ಅವರಿಗೆ ಹೆಸರು ಬೇಕಿದ್ದದ್ದು ತೊರೆಗೆ. ದಾರಿ ಹೇಳುವುದೂ ಗಡಿ ಗುರುತಿಸುವುದೂ ತೊರೆಯಿಂದಲೇ. ಹರಿಯುವ ನೀರಿಗೆ ಇಟ್ಟ ಹೆಸರುಗಳಲ್ಲಿ ಬದುಕಿನ ಕಷ್ಟ ನೇರವಾಗಿ ಮಾತಾಡುತ್ತದೆ. ತಂಟೆ ಕೊಡುವ ತೊರೆ ‘ಟ್ರಬಲ್‌ಸಮ್ ಕ್ರೀಕ್’ ಆಯಿತು. ದಾರಿ ತಪ್ಪಿಸುವ ತೊರೆ ‘ಲಾಸ್ಟ್ ಕ್ರೀಕ್’ ಆಯಿತು. ಮನೆಗಳ ಸಾಲಿಗೆ ಪ್ರತ್ಯೇಕ ಹೆಸರಿನ ಅಗತ್ಯ ಬಿದ್ದದ್ದು ದೂರದಿಂದ ಕಾಗದ ಬರತೊಡಗಿದಾಗ.

ನಗರಗಳಲ್ಲಿ ಮನೆಬಾಗಿಲಿಗೆ ಉಚಿತವಾಗಿ ಅಂಚೆ ತಲುಪಿಸುವ ವ್ಯವಸ್ಥೆ 1863ರಲ್ಲೇ ಆರಂಭವಾಯಿತು. ಹಳ್ಳಿಗರಿಗೆ ಆ ಭಾಗ್ಯ ಇರಲಿಲ್ಲ. ಅಂಚೆ ಕಚೇರಿ ಇದ್ದಲ್ಲಿಗೆ ತಾವೇ ಹೋಗಿ ಕಾಗದ ತರಬೇಕಿತ್ತು. ಬೆಟ್ಟ ಹತ್ತಿ ಇಳಿಯಬೇಕಾದ ನಾಡಿನಲ್ಲಿ ಅದು ಅರ್ಧ ದಿನದ ಕೆಲಸ. ಆದ್ದರಿಂದ ಪ್ರತಿ ಕಣಿವೆಯವರೂ ತಮ್ಮದೇ ಅಂಚೆ ಕಚೇರಿ ಬಯಸಿದರು.

ಅರ್ಜಿಯ ಮೇಲೊಂದು ಹೆಸರು

ಅಂಚೆ ಕಚೇರಿ ಬೇಕಾದವರು ವಾಷಿಂಗ್ಟನ್ನಿನ ಅಂಚೆ ಇಲಾಖೆಗೆ ಬರೆಯುತ್ತಿದ್ದರು. ಇಲಾಖೆ ಒಂದು ನಮೂನೆ ಕಳಿಸುತ್ತಿತ್ತು. ಹತ್ತಿರದ ನದಿ ಯಾವುದು, ಎಷ್ಟು ದೂರ? ಹತ್ತಿರದ ತೊರೆ ಯಾವುದು? ಸುತ್ತಲಿನ ಅಂಚೆ ಕಚೇರಿಗಳು ಯಾವ ದಿಕ್ಕಿಗೆ, ಎಷ್ಟು ಮೈಲಿಗೆ? ಎಷ್ಟು ಜನರಿಗೆ ಉಪಯೋಗ? ಕೊನೆಯಲ್ಲಿ ಅರ್ಜಿದಾರರೇ ಕೈಯಾರೆ ಒಂದು ನಕ್ಷೆಯನ್ನೂ ಬರೆಯಬೇಕಿತ್ತು. 1837ರಿಂದ 1950ರವರೆಗಿನ ಇಂಥ ಸ್ಥಳ ವರದಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸರ್ಕಾರದ ಮೋಜಣಿದಾರರು ಕಾಲಿಡುವ ಮುಂಚೆಯೇ ಎಷ್ಟೋ ಕಣಿವೆಗಳ ನಕ್ಷೆ ಅಂಗಡಿಕಾರರ, ರೈತರ ಕೈಬರಹದಲ್ಲಿ ಮೂಡಿತ್ತು ಎಂಬುದಕ್ಕೆ ಅವು ಸಾಕ್ಷಿ.

ನಮೂನೆಯ ಮುಖ್ಯ ಭಾಗ ಹೆಸರು. ಅದಕ್ಕೆ ಕಟ್ಟುನಿಟ್ಟಿನ ನಿಯಮವಿತ್ತು. ಅದೇ ರಾಜ್ಯದ ಇನ್ನೊಂದು ಅಂಚೆ ಕಚೇರಿಗೆ ಆ ಹೆಸರು ಇರಕೂಡದು, ಹತ್ತಿರದ ಉಚ್ಚಾರಣೆಯೂ ಇರಕೂಡದು. ಊರವರು ಮೊದಲು ಬರೆಯುತ್ತಿದ್ದುದು ಮನೆತನದ ಹೆಸರನ್ನೋ ತೊರೆಯ ಹೆಸರನ್ನೋ. ಅದು ಆಗಲೇ ಬೇರೆಲ್ಲೋ ಬಳಕೆಯಲ್ಲಿದ್ದರೆ ಇಲಾಖೆ ತಳ್ಳಿಹಾಕುತ್ತಿತ್ತು. ಎರಡನೆಯದು, ಮೂರನೆಯದು ಎಂದು ಪಟ್ಟಿ ಬೆಳೆಯುತ್ತಿತ್ತು. ಮಗಳ ಹೆಸರು, ಅಡ್ಡಹೆಸರು, ಪುಸ್ತಕದಲ್ಲಿ ಕಂಡ ಪದ ಎಲ್ಲಕ್ಕೂ ಸರದಿ ಬರುತ್ತಿತ್ತು. ಅಪಲೇಚಿಯದ ಊರ ಹೆಸರುಗಳ ವೈಚಿತ್ರ್ಯಕ್ಕೆ ದೊಡ್ಡ ಕಾರಣ ಇದು. ಅಲ್ಲಿನ ಜನ ವಿಚಿತ್ರದವರೆಂಬುದು ಹೊರಗಿನವರ ಕಲ್ಪನೆ. ಸಾಮಾನ್ಯ ಹೆಸರುಗಳು ಮುಗಿದುಹೋಗಿದ್ದವು, ಅಷ್ಟೆ.

1894ರಲ್ಲಿ ಇಲಾಖೆ ಮತ್ತೊಂದು ಆದೇಶ ಹೊರಡಿಸಿತು. ಹೊಸ ಅಂಚೆ ಕಚೇರಿಯ ಹೆಸರು ಚಿಕ್ಕದಿರಬೇಕು, ಆದಷ್ಟೂ ಒಂದೇ ಪದದಲ್ಲಿರಬೇಕು. ಪಕ್ಕದ ನಾಟ್ ಕೌಂಟಿಯ ಕೇನಿ ಕ್ರೀಕ್‌ನಲ್ಲಿ ಇದರ ಫಲ ಕಾಣುತ್ತದೆ. ಬಾಸ್ಟನ್ನಿನಿಂದ ಬಂದು ಅಲ್ಲಿ ಶಾಲೆ, ಕಾಲೇಜು ಕಟ್ಟಿದ ಆಲಿಸ್ ಲಾಯ್ಡ್ ಅವರ ಕಾಲದಲ್ಲಿ ರಾಬರ್ಟ್ ಬ್ರೌನಿಂಗ್ ಕವಿಯ ‘ಪಿಪ್ಪಾ ಪಾಸಸ್’ ಕೃತಿಯ ಹೆಸರನ್ನು ಊರಿಗೆ ಇಡಲಾಯಿತು. ಅಂಚೆ ಮುದ್ರೆಯಲ್ಲಿ ಅದು ‘ಪಿಪ್ಪಾಪಾಸ್’ ಎಂದು ಒಂದೇ ಪದಕ್ಕೆ ಕುಗ್ಗಿತು. ಪೂರ್ಣ ಹೆಸರು ಮರಳಿ ಸಿಕ್ಕಿದ್ದು ದಶಕಗಳ ನಂತರ. ಅದೇ ಕೌಂಟಿಯ ‘ಮೌಸಿ’ ಎಂಬ ಊರಿಗೆ ಅಂಚೆ ಕಚೇರಿ ಬಂದಾಗ ಸಿಕ್ಕಿದ್ದು ಮೌಸಿ ಮಾರ್ಟಿನ್ ಎಂಬ ಹೆಣ್ಣುಮಗಳ ಹೆಸರು.

ಕುಳ್ಳ ಜೆರಿಯಿಂದ ಕಲ್ಲಿದ್ದಲ ಕಂಪನಿವರೆಗೆ

ಪೆರಿ ಕೌಂಟಿಯ ಹೆಸರುಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಆ ನೆಲದ ಇತಿಹಾಸವೇ ಪದರ ಪದರವಾಗಿ ತೆರೆದುಕೊಳ್ಳುತ್ತದೆ.

ಮೊದಲ ಪದರ ದೇಶದ ವೀರರದು. 1813ರಲ್ಲಿ ಈರಿ ಸರೋವರದ ಕದನದಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೋಲಿಸಿದ ಆಲಿವರ್ ಹ್ಯಾಜರ್ಡ್ ಪೆರಿ 1819ರಲ್ಲಿ ತೀರಿಕೊಂಡ. ಮರುವರ್ಷ ಹುಟ್ಟಿದ ಕೌಂಟಿಗೆ ಅವನ ಕೊನೆಯ ಹೆಸರು ಬಂತು. ಕೌಂಟಿಯ ಮುಖ್ಯ ಪಟ್ಟಣದ ಅಂಚೆ ಕಚೇರಿ ಮೊದಲು ‘ಪೆರಿ ಕೋರ್ಟ್ ಹೌಸ್’ ಎಂದೇ ಇತ್ತು. 1854ರಲ್ಲಿ ಅದು ‘ಹ್ಯಾಜರ್ಡ್’ ಆಯಿತು. ಅಪಾಯದ ಸೂಚನೆಯಂತೆ ಕೇಳಿಸುವ ಹೆಸರು ನಿಜಕ್ಕೂ ಒಬ್ಬ ನಾವಿಕನ ನಡುವಿನ ಹೆಸರು.

ಎರಡನೆಯ ಪದರ ನೆಲೆಸಿದವರದು. ಟ್ರಬಲ್‌ಸಮ್ ತೊರೆಯ ದಂಡೆಯ ಒಂದು ಜಾಗದಲ್ಲಿ ಗುಡ್ಡ ಕೊರೆದು, ನೀರು ಹಾಯಿಸಿ, ಹಿಟ್ಟಿನ ಗಿರಣಿ ನಡೆಸಿದ್ದರು. ಅದಕ್ಕೆ ‘ಟನಲ್ ಮಿಲ್’ ಎಂಬ ಹೆಸರಿತ್ತು. ಅಂಚೆ ಬಂದಾಗ ಆ ಊರು ‘ಡ್ವಾರ್ಫ್’ ಆಯಿತು. ಜೆರಿಮಯಾ ಕೂಂಬ್ಸ್ ಎಂಬ ಹಳೆಯ ನಿವಾಸಿಯನ್ನು ಜನ ಕುಳ್ಳ ಜೆರಿ ಎಂದು ಕರೆಯುತ್ತಿದ್ದರು. ಆ ಗಿಡ್ಡ ಮನುಷ್ಯನ ನೆನಪು ಇಂದಿಗೂ ಅಂಚೆ ವಿಳಾಸದಲ್ಲಿದೆ. ‘ರೌಡಿ’ ಎಂಬುದು ಟ್ರಬಲ್‌ಸಮ್‌ಗೆ ಸೇರುವ ಪುಂಡ ತೊರೆಯೊಂದರ ಹೆಸರು. ‘ವೈಪರ್’ ಊರಿನ ಹಿಂದೆ ಹಾವಿನ ಕಥೆ ಹೇಳುತ್ತಾರೆ. ಜಗತ್ತು ಆ ಊರನ್ನು ಬಲ್ಲದ್ದು ಬೇರೆ ಕಾರಣಕ್ಕೆ. ಅಪಲೇಚಿಯದ ಜನಪದ ಗೀತೆಗಳನ್ನೂ ಡಲ್ಸಿಮರ್ ವಾದ್ಯವನ್ನೂ ದೇಶಕ್ಕೆಲ್ಲ ಪರಿಚಯಿಸಿದ ಗಾಯಕಿ ಜೀನ್ ರಿಚಿ ಹುಟ್ಟಿದ್ದು ಅಲ್ಲಿ, 1922ರಲ್ಲಿ, ಹದಿನಾಲ್ಕು ಮಕ್ಕಳ ಮನೆಯಲ್ಲಿ ಕೊನೆಯವಳಾಗಿ.

ಮೂರನೆಯ ಪದರ ಕಲ್ಲಿದ್ದಲಿನದು. 1912ರಲ್ಲಿ ಹ್ಯಾಜರ್ಡ್‌ಗೆ ರೈಲು ಬಂತು. ಅದರ ಹಿಂದೆಯೇ ಗಣಿ ಕಂಪನಿಗಳು ಬಂದವು. ಅವು ಕಟ್ಟಿದ ಕಾರ್ಮಿಕರ ಊರುಗಳಲ್ಲಿ ಮನೆ, ಅಂಗಡಿ ಎಲ್ಲವೂ ಕಂಪನಿಯದೇ, ಹೆಸರೂ ಕಂಪನಿಯದೇ. ವರ್ಜೀನಿಯಾ ಐರನ್, ಕೋಲ್ ಅಂಡ್ ಕೋಕ್ ಕಂಪನಿಯ ಮೊದಲಕ್ಷರಗಳು ಸೇರಿ ‘ವಿಕೊ’ ಆಯಿತು. ಹಾರ್ಡಿ-ಬರ್ಲಿಂಗ್‌ಹ್ಯಾಮ್ ಕಂಪನಿಯಿಂದ ‘ಹಾರ್ಡ್‌ಬರ್ಲಿ’ ಬಂತು. ರೈಲಿನವರೂ ಹಿಂದೆ ಬೀಳಲಿಲ್ಲ. ಸುರಂಗದ ಬಳಿಯ ಜಾಗಕ್ಕೆ ‘ಟನಲ್’ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಲೆನಟ್’ ಎಂದರು. ಒಂದೇ ತಲೆಮಾರಿನಲ್ಲಿ ತೊರೆ ಮತ್ತು ತಾತಂದಿರ ಹೆಸರುಗಳ ಪಕ್ಕಕ್ಕೆ ಕಂಪನಿಗಳ ಹೆಸರು ಬಂದು ಕೂತದ್ದನ್ನು ನೋಡಿದರೆ, ಆ ನೆಲದ ಒಡೆತನ ಯಾರಿಂದ ಯಾರಿಗೆ ಹೋಯಿತೆಂದು ಬೇರೆ ದಾಖಲೆ ಹುಡುಕಬೇಕಿಲ್ಲ.

ಪೋಸ್ಟ್ ಮಾಸ್ತರರ ಜೊತೆ ನಡೆದ ಊರು

ಈ ಹಳ್ಳಿ ಕಚೇರಿಗಳು ಹೆಚ್ಚಾಗಿ ನಾಲ್ಕನೇ ದರ್ಜೆಯವು. ದಿನಸಿ ಅಂಗಡಿಯ ಒಂದು ಮೂಲೆ ಅಥವಾ ಮನೆಯ ಮುಂದಿನ ಕೋಣೆ, ಗೋಡೆಗೆ ಗೂಡುಗೂಡಾದ ಮರದ ಕಪಾಟು, ಒಂದು ಮುದ್ರೆ, ಒಂದು ಶಾಯಿ ಡಬ್ಬಿ, ಇಷ್ಟೇ ಆಸ್ತಿ. ಪೋಸ್ಟ್ ಮಾಸ್ತರರಿಗೆ ಸಿಗುತ್ತಿದ್ದುದು ತಾವು ಮುದ್ರೆ ಒತ್ತಿದ ಅಂಚೆಚೀಟಿಗಳ ಮೌಲ್ಯವನ್ನು ಅವಲಂಬಿಸಿದ ಸಣ್ಣ ಸಂಭಾವನೆ. ಹಣಕ್ಕಿಂತ ಹೆಚ್ಚಿನ ಲಾಭವೆಂದರೆ ಕಾಗದಕ್ಕೆ ಬಂದವರು ಉಪ್ಪು, ಎಣ್ಣೆಯನ್ನೂ ಅಲ್ಲೇ ಕೊಳ್ಳುತ್ತಿದ್ದರು. ಹೆಂಗಸರೂ ಈ ಹುದ್ದೆಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಕೆಂಟಕಿಯಲ್ಲಿ ಹುಟ್ಟಿದ ಅಬ್ರಹಾಂ ಲಿಂಕನ್ ಕೂಡ ಯೌವನದಲ್ಲಿ, 1833ರಿಂದ 1836ರವರೆಗೆ, ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಹಳ್ಳಿಯ ಪೋಸ್ಟ್ ಮಾಸ್ತರರಾಗಿದ್ದರು.

ಅಂಚೆಚೀಲ ಹೊತ್ತು ತರುತ್ತಿದ್ದವರು ಗುತ್ತಿಗೆದಾರರು. ವೇಗ, ಖಚಿತತೆ, ಭದ್ರತೆ ಈ ಮೂರನ್ನು ಕಾಪಾಡಿದರೆ ಸಾಕು, ಯಾವ ವಾಹನವಾದರೂ ಸರಿ ಎಂದು 1845ರ ಕಾನೂನು ಹೇಳಿತ್ತು. ಗುಮಾಸ್ತರು ಮೂರು ಪದಗಳ ಬದಲು ಮೂರು ನಕ್ಷತ್ರ ಚಿಹ್ನೆ ಹಾಕತೊಡಗಿದರು. ಅಂಥ ಮಾರ್ಗಗಳಿಗೆ ‘ಸ್ಟಾರ್ ರೂಟ್’ ಎಂಬ ಹೆಸರೇ ನಿಂತಿತು. ಪೆರಿ ಕೌಂಟಿಯಲ್ಲಿ ಆ ವಾಹನ ಕುದುರೆ ಅಥವಾ ಹೇಸರಗತ್ತೆ. ಎಷ್ಟೋ ಕಡೆ ತೊರೆಯ ಪಾತ್ರವೇ ರಸ್ತೆ. ಮಳೆಗಾಲದಲ್ಲಿ ನೀರು ಇಳಿಯುವವರೆಗೆ ಕಾಗದವೂ ಕಾಯಬೇಕು.

ಸ್ಥಳನಾಮ ಅಧ್ಯಯನಕ್ಕೆ ಇಲ್ಲೊಂದು ಮುಖ್ಯ ಎಳೆ ಇದೆ. ಈ ಕಚೇರಿಗೆ ಸ್ವಂತ ಕಟ್ಟಡ ಇರಲಿಲ್ಲ. ಪೋಸ್ಟ್ ಮಾಸ್ತರರ ಮನೆ ಎಲ್ಲೋ ಕಚೇರಿಯೂ ಅಲ್ಲೇ. ಹೊಸಬರು ನೇಮಕವಾದರೆ ಕಚೇರಿ ಒಂದೆರಡು ಮೈಲಿ ಆಚೆ ಅವರ ಮನೆಗೆ ಹೋಗುತ್ತಿತ್ತು, ಹೆಸರೂ ಜೊತೆಗೆ ಹೋಗುತ್ತಿತ್ತು. ಆಳುವ ಪಕ್ಷ ಬದಲಾದಾಗ ಪೋಸ್ಟ್ ಮಾಸ್ತರರೂ ಬದಲಾಗುತ್ತಿದ್ದ ಕಾಲವದು. ಹೀಗಾಗಿ 1890ರ ಕಾಗದದ ಮುದ್ರೆಯಲ್ಲಿರುವ ಊರು, 1920ರ ಭೂಪಟದಲ್ಲಿರುವ ಅದೇ ಹೆಸರಿನ ಊರು ಬೇರೆ ಬೇರೆ ಜಾಗದಲ್ಲಿರಬಹುದು. ಒಂದೇ ಜಾಗಕ್ಕೆ ಅಂಚೆಯ ಹೆಸರೊಂದು, ರೈಲು ನಿಲ್ದಾಣದ ಹೆಸರೊಂದು, ಶಾಲೆಯ ಹೆಸರೊಂದು ಇರುವುದೂ ಉಂಟು.

ಮುಚ್ಚಿದ ಬಾಗಿಲು, ಉಳಿದ ಹೆಸರು

1901ರಲ್ಲಿ ಅಮೆರಿಕದಲ್ಲಿ 76,945 ಅಂಚೆ ಕಚೇರಿಗಳಿದ್ದವು. ಅದೇ ಶಿಖರ. ಅಷ್ಟರಲ್ಲಿ ಇಳಿಜಾರಿಗೆ ಕಾರಣವೂ ಹುಟ್ಟಿತ್ತು. 1896ರ ಅಕ್ಟೋಬರ್ 1ರಂದು ಪಕ್ಕದ ವೆಸ್ಟ್ ವರ್ಜೀನಿಯಾದಲ್ಲಿ ಹಳ್ಳಿ ಮನೆಗಳಿಗೂ ಉಚಿತವಾಗಿ ಅಂಚೆ ಹಂಚುವ ಪ್ರಯೋಗ ಆರಂಭವಾಯಿತು. 1902ರಲ್ಲಿ ಅದು ಕಾಯಂ ಆಯಿತು. ಮನೆ ಮುಂದಿನ ಪೆಟ್ಟಿಗೆಗೇ ಕಾಗದ ಬರುವಾಗ ಅಂಗಡಿ ಮೂಲೆಯ ಕಚೇರಿಗಳು ಸಾವಿರಗಟ್ಟಲೆ ಮುಚ್ಚಿದವು. ಈ ಸೇವೆಗೆ ಓಡಾಡಬಲ್ಲ ರಸ್ತೆ ಬೇಕೆಂಬ ಷರತ್ತಿತ್ತು. ಪೂರ್ವ ಕೆಂಟಕಿಯ ಬೆಟ್ಟಗಳಲ್ಲಿ ಅಂಥ ರಸ್ತೆ ತಡವಾಗಿ ಬಂದದ್ದರಿಂದ ಅಲ್ಲಿ ಪುಟ್ಟ ಕಚೇರಿಗಳು ಬಹಳ ಕಾಲ ಉಳಿದುಕೊಂಡವು. ಗಣಿಗಳು ಮುಚ್ಚಿ ಜನ ಗುಳೆ ಹೋದಾಗ ಅವೂ ಒಂದೊಂದಾಗಿ ಕಣ್ಣುಮುಚ್ಚಿದವು.

ಈ ಹೆಸರುಗಳು ಮರೆಯಾಗುವ ಮುನ್ನ ಹಿಡಿದಿಟ್ಟವರು ರಾಬರ್ಟ್ ರೆನಿಕ್. 1932ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಅವರು ಫ್ಲಾಯ್ಡ್ ಕೌಂಟಿಯ ಪ್ರೆಸ್ಟನ್ಸ್‌ಬರ್ಗ್‌ನಲ್ಲಿ ನೆಲೆಸಿ ಕೆಂಟಕಿಯ ಊರ ಹೆಸರುಗಳಿಗೆ ಬದುಕನ್ನೇ ಕೊಟ್ಟರು. ಅವರ ‘ಕೆಂಟಕಿ ಪ್ಲೇಸ್ ನೇಮ್ಸ್’ 1984ರಲ್ಲಿ ಬಂತು. ಕೌಂಟಿ ಕೌಂಟಿಗೂ ಅಂಚೆ ಕಚೇರಿಗಳ ಚರಿತ್ರೆ ಬರೆದರು. ಅವರ ದಾರಿ ಸರಳ, ಆದರೆ ಶ್ರಮದ್ದು. ಅಂಚೆ ಇಲಾಖೆಯ ದಾಖಲೆ ಓದುವುದು, ಊರಿನ ಹಿರಿಯರನ್ನು ಕೇಳುವುದು, ಎರಡನ್ನೂ ನೆಲದ ಮೇಲೆ ನಿಂತು ತಾಳೆ ನೋಡುವುದು. ಹೆಸರಿಗೆ ತಕ್ಕಂತೆ ಆಮೇಲೆ ಹೊಸೆದ ಕಥೆ ಯಾವುದು, ದಾಖಲೆಯ ಬೆಂಬಲವಿರುವ ವಿವರಣೆ ಯಾವುದು ಎಂದು ಅವರು ಬೇರ್ಪಡಿಸಿದರು. ಕಥೆಯನ್ನೂ ಬಿಸಾಡಲಿಲ್ಲ. ಊರಿನವರು ತಮ್ಮನ್ನು ಹೇಗೆ ಕಂಡುಕೊಂಡಿದ್ದಾರೆ ಎಂಬುದು ಆ ಕಥೆಯಲ್ಲಿ ಸಿಗುತ್ತದೆ. ಅವರ ಸಂಗ್ರಹ ಈಗ ಮೋರ್‌ಹೆಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ.

ಇಂಥ ಕೆಲಸದ ಬೆಲೆ 2022ರ ಜುಲೈ ಕೊನೆಯಲ್ಲಿ ಎದ್ದು ಕಂಡಿತು. ಭೀಕರ ಮಳೆಗೆ ಟ್ರಬಲ್‌ಸಮ್ ತೊರೆ ಉಕ್ಕಿ ಪೆರಿ, ನಾಟ್, ಬ್ರೆಥಿಟ್ ಕೌಂಟಿಗಳಲ್ಲಿ ಮನೆಗಳನ್ನೇ ಕೊಚ್ಚಿಕೊಂಡು ಹೋಯಿತು, ಹಲವರ ಜೀವ ತೆಗೆಯಿತು. ನಾಟ್ ಕೌಂಟಿಯ ಹಿಂಡ್‌ಮನ್ ಸೆಟಲ್‌ಮೆಂಟ್ ಶಾಲೆಯ ಹಳೆಯ ದಾಖಲೆಗಳೂ ನೀರಲ್ಲಿ ನೆನೆದವು. ಕಾಗದ ಒಂದೇ ಕಡೆ ಇದ್ದರೆ ಒಂದು ರಾತ್ರಿಯಲ್ಲಿ ಚರಿತ್ರೆ ಅಳಿಸಬಹುದು.

ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚಿರಾಕ್’ ಎಂದು ಗುರುತಾದ ಊರುಗಳಿವೆ. ದೀಪ ಹಚ್ಚುವವರಿಲ್ಲದಿದ್ದರೂ ಆ ಊರಿನ ಹೆಸರು, ಗಡಿ ಪುಸ್ತಕದಲ್ಲಿ ಉಳಿದಿದೆ. ಪೆರಿ ಕೌಂಟಿಯಲ್ಲಿ ಆ ಕೆಲಸವನ್ನು ಅಂಚೆ ಮಾಡಿದೆ. ಇಂದು ಅಮೆರಿಕದ ಅಂಚೆ ಸೇವೆ ಕಚೇರಿಯೊಂದನ್ನು ಮುಚ್ಚಿದರೂ ಅಲ್ಲಿಯವರು ವಿಳಾಸದಲ್ಲಿ ತಮ್ಮ ಊರಿನ ಹೆಸರನ್ನು ಬರೆಯುತ್ತಲೇ ಇರಬಹುದು. ಊರವರು ಪ್ರತಿ ಬಾರಿ ಹಠ ಹಿಡಿದು ಕೇಳುವುದೂ ಅದನ್ನೇ.

ರೆನಿಕ್ ಹಿಡಿದ ದಾರಿಗೆ ದೊಡ್ಡ ಸಂಸ್ಥೆ ಬೇಡ. ಕರ್ನಾಟಕದ ಯಾವ ತಾಲ್ಲೂಕಿನಲ್ಲಾದರೂ ಒಬ್ಬ ಮೇಷ್ಟ್ರು, ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು, ಕೆಲವು ವಿದ್ಯಾರ್ಥಿಗಳು ಸೇರಿದರೆ ಅದನ್ನು ಮಾಡಬಹುದು. ಹಳೆಯ ಕಾರ್ಡುಗಳ ಮುದ್ರೆ, ಕಂದಾಯದ ಕಡತ, ಶಾಸನದ ಪಾಠ, ಅಜ್ಜಿಯ ಮಾತು ಎಲ್ಲವನ್ನೂ ಒಂದೆಡೆ ಬರೆದು, ಯಾವುದು ಎಲ್ಲಿಂದ ಬಂತು ಎಂದು ನಮೂದಿಸಿದರೆ ಸಾಕು. ಹೊಲದ ಹೆಸರು, ಹಳ್ಳದ ಹೆಸರು, ಮುಳುಗಡೆಯಾದ ಕೇರಿಯ ಹೆಸರು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಬೇಕಾದದ್ದು ಈಗ.