ಬೀಗದ ಕೈ ಯಾರ ಹತ್ತಿರ?

ಇಂದು ಬ್ಯಾಂಕು, ಕಚೇರಿಗಳ ಕಂಪ್ಯೂಟರುಗಳಲ್ಲಿ ಓಪನ್ ಸೋರ್ಸ್ ಎಂಬ ಜಾತಿಯ ಸಾಫ್ಟ್‌ವೇರ್ ಬಹಳವಾಗಿ ಬಳಕೆಯಲ್ಲಿದೆ. ವಾಚಕರಲ್ಲಿ ಕೆಲವರು ಹೆಸರು ಕೇಳಿರಬಹುದು. ಇದರ ಮೂಲಬರಹವನ್ನು ಮುಚ್ಚಿಟ್ಟಿರುವುದಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಬರೆದು ಕಳುಹಿಸಬಹುದು. ಹಾಗೆ ಬಂದ ತಿದ್ದುಪಡಿಯನ್ನು ಪರೀಕ್ಷಿಸಿ, ಒಪ್ಪಿ, ಹೊಸ ಆವೃತ್ತಿಯೆಂದು ಹೊರಡಿಸುವ ಅಧಿಕಾರ ಮಾತ್ರ ಕೆಲವರ ಕೈಯಲ್ಲಿ, ಎಷ್ಟೋ ಕಡೆ ಒಬ್ಬನೇ ಒಬ್ಬನ ಕೈಯಲ್ಲಿ, ಇರುತ್ತದೆ. ಅವನಿಗೆ ಮೇಂಟೇನರ್ ಎಂದು ಹೆಸರು. ನಾವು ಉಸ್ತುವಾರಿಗಾರ ಎನ್ನೋಣ. ಎಷ್ಟೋ ಮಂದಿಗೆ ಇದು ಸಂಬಳವಿಲ್ಲದ ಸೇವೆ. ಸಂಘವೊಂದರ ಗೌರವ ಕಾರ್ಯದರ್ಶಿಯನ್ನು ಹತ್ತಿರದಿಂದ ಬಲ್ಲವರಿಗೆ ಈ ಹುದ್ದೆಯ ಸುಖದುಃಖಗಳನ್ನು ಬೇರೆ ಹೇಳಬೇಕಾಗಿಲ್ಲ.

ಫಿನ್ಲೆಂಡಿನ ಲಾಸ್ಸೆ ಕೊಲಿನ್ ಎಂಬುವರು ಎಕ್ಸ್‌ಜೆಡ್ ಎಂಬ ಸಾಫ್ಟ್‌ವೇರನ್ನು ಹಲವು ವರ್ಷ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡು ಬಂದರು. ದೊಡ್ಡ ಕಡತಗಳನ್ನು ಅಡಕಮಾಡಿ ಚಿಕ್ಕದಾಗಿಸುವುದು ಅದರ ಕೆಲಸ. 2022ರಲ್ಲಿ ಅವರಿಗೆ ದೂರಿನ ಮೇಲೆ ದೂರು ಬಂತು: ಕೆಲಸ ನಿಧಾನ, ಕೈಲಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು. ಬಹುಕಾಲದಿಂದ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಹಣ ಪಡೆಯದೆ ಹವ್ಯಾಸಕ್ಕೆ ಮಾಡುವ ಕೆಲಸ ಎಂದು ಅವರು ವಿನಯದಿಂದಲೇ ಉತ್ತರಿಸಿದರು. ಆ ದೂರುಗಾರರ ಹೆಸರುಗಳೇ ಸುಳ್ಳೆಂದು ಈಗ ಅನೇಕ ತಜ್ಞರ ಅಭಿಪ್ರಾಯ.

ಅದೇ ಕಾಲಕ್ಕೆ ಜಿಯಾ ಟಾನ್ ಎಂಬ ಹೆಸರಿನಿಂದ ಸಹಾಯ ಬರುತ್ತಿತ್ತು. ಮುಖ ಕಂಡವರಿಲ್ಲ, ಕೆಲಸ ಮಾತ್ರ ಅಚ್ಚುಕಟ್ಟು. ಹೀಗೆ ದುಡಿದವನಿಗೆ ಬೀಗದ ಕೈಯಲ್ಲಿ ಪಾಲು ಸಿಗದೆ ಇರುತ್ತದೆಯೆ? ಸಿಕ್ಕಿತು. 2024ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಒಂದು ಕಳ್ಳಬಾಗಿಲು ಅಡಗಿತ್ತು. ದೂರದಲ್ಲಿ ಕುಳಿತೇ ಇತರರ ಯಂತ್ರಗಳೊಳಗೆ ನುಗ್ಗಲು ಮಾಡಿದ ಹಂಚಿಕೆ ಅದು. ಚಾತುರ್ಯ ನೋಡಿ: ಎಲ್ಲರೂ ಓದುವ ಮೂಲಬರಹದಲ್ಲಿ ಅದು ಪೂರ್ತಿಯಾಗಿ ಕಾಣುತ್ತಿರಲಿಲ್ಲ, ಅದನ್ನು ಎಬ್ಬಿಸುವ ಭಾಗ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಸೇರಿತ್ತು.

ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಬಿಡದೆ ಹುಡುಕಿ, ಮಾರ್ಚ್ 29ರಂದು ಗುಟ್ಟನ್ನು ಹೊರಗೆಡಹಿದರು. ಅಷ್ಟರಲ್ಲಿ ಅದು ಹೆಚ್ಚಾಗಿ ಪರೀಕ್ಷೆಯ ಹಂತದಲ್ಲಿದ್ದ ಲಿನಕ್ಸ್‌ಗಳಿಗಷ್ಟೇ ತಲುಪಿತ್ತು.

ಹಾಗಾದರೆ ಜವಾಬ್ದಾರಿಯನ್ನು ಹಂಚಲೇಬಾರದೆ? ಈ ವಾದ ನನಗೆ ಒಪ್ಪಿಗೆಯಿಲ್ಲ. ಕೊಲಿನ್ ಹಂಚಿದ್ದು ತಪ್ಪಲ್ಲ. ದಣಿದ ಮೇಲೆ, ಎದುರಿಗಿದ್ದ ಒಬ್ಬನೇ ಸಹಾಯಕನಿಗೆ ಹಂಚಬೇಕಾಗಿ ಬಂದದ್ದು ಅನಾಹುತ. ಅದರಲ್ಲಿ ಬಳಸಿಕೊಂಡು ಸುಮ್ಮನಿದ್ದ ಕಂಪನಿಗಳ ಪಾಲೂ ಉಂಟು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಕೀಲಿ ದಾಟಿದರೆ ಅದು ಹಂಚಿಕೆಯಾಗುವುದಿಲ್ಲ, ಬರಿಯ ವರ್ಗಾವಣೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರಿಗೆ ಇದು ನಿತ್ಯದ ಪಾಠ: ತಿಜೋರಿಗೆ ಎರಡು ಕೀಲಿ, ಇಬ್ಬರ ಹತ್ತಿರ, ಬರೆದವನೊಬ್ಬ, ತಾಳೆ ನೋಡುವವನೊಬ್ಬ. ಸಾಫ್ಟ್‌ವೇರಿನಲ್ಲಿಯೂ ಒಬ್ಬನ ತಿದ್ದುಪಡಿಯನ್ನು ಮತ್ತೊಬ್ಬ ಓದಿದ ಹೊರತು ಸೇರಿಸಬಾರದೆಂಬ ಕಟ್ಟುಪಾಡನ್ನು ಹಾಕಿಕೊಳ್ಳಬಹುದು, ಹಾಕಿಕೊಂಡವರೂ ಇದ್ದಾರೆ.

ಪೈಥಾನ್ ಭಾಷೆಯವರು ಇನ್ನೊಂದು ದಾರಿ ಹಿಡಿದರು. ಅದನ್ನು ಹುಟ್ಟಿಸಿದ ಗೈಡೋ ವಾನ್ ರೋಸಮ್ ಸುಮಾರು ಮೂರು ದಶಕ ಕೊನೆಯ ಮಾತು ಹೇಳುವ ಯಜಮಾನರಾಗಿದ್ದವರು, ಒಂದು ಕಹಿ ಜಗಳದ ನಂತರ 2018ರ ಜುಲೈಯಲ್ಲಿ ಆ ಪಟ್ಟವನ್ನು ಬಿಟ್ಟರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ತಿಂಗಳುಗಟ್ಟಲೆ ಚರ್ಚೆ ನಡೆದು, 2019ರಲ್ಲಿ ಚುನಾವಣೆಯಿಂದ ಐವರ ಮಂಡಲಿ ಬಂತು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಅದರಲ್ಲಿ ಕೂಡದೆಂದು ನಿಯಮ. ಮೊದಲ ಮಂಡಲಿಗೆ ಗೈಡೋ ಕೂಡ ಆರಿಸಿ ಬಂದರು, ಐವರಲ್ಲಿ ಒಬ್ಬರಾಗಿ. ಯಜಮಾನರಾಗಿದ್ದವರಿಗೆ ಇದು ಸುಲಭವಲ್ಲ.

ಕೊಲಿನ್ ಮಾತ್ರ ಮತ್ತೆ ತಮ್ಮ ಕೆಲಸಕ್ಕೆ ಕುಳಿತು, ಹಳೆಯ ತಿದ್ದುಪಡಿಗಳನ್ನು ಪರಿಶೀಲಿಸಿ, ಕಳ್ಳಬಾಗಿಲನ್ನು ಕಿತ್ತ 5.6.2 ಆವೃತ್ತಿಯನ್ನು 2024ರ ಮೇ ತಿಂಗಳಲ್ಲಿ ಹೊರತಂದರು.