ಕಣ್ಣಿಗೆ ಕನ್ನಡ, ಕಿವಿಗೆ ಮೌನ

ಇಂದ್ರಿಯಗಳಲ್ಲಿ ಕಣ್ಣೇ ಮನುಷ್ಯನಿಗೆ ಹೆಚ್ಚು ಪ್ರಿಯವೆಂದ ಅರಿಸ್ಟಾಟಲನೇ ಇನ್ನೊಂದೆಡೆ, ಬುದ್ಧಿಯ ಬೆಳವಣಿಗೆಗೆ ಹೆಚ್ಚು ನೆರವಾಗುವುದು ಕಿವಿ ಎಂದಿದ್ದಾನೆ. ಅರಿವು ಮಾತಿನಲ್ಲಿದೆ, ಮಾತು ಕಿವಿಯಿಂದ ಒಳಬರುತ್ತದೆ ಎಂಬುದು ಅವನ ತರ್ಕ. ದೃಷ್ಟಿಹೀನ ವಿದ್ಯಾರ್ಥಿಯ ಇಂದಿನ ವ್ಯಾಸಂಗ ನಿಂತಿರುವುದು ಈ ಎರಡನೆಯ ಮಾತಿನ ಮೇಲೆ.

ಗಣಕದ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹೊಸದೇನಲ್ಲ. 'ಎನ್‌ವಿಡಿಎ' ಎಂಬುದನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯದ ಮೈಕೆಲ್ ಕರನ್ ಸ್ವತಃ ಅಂಧರು. ಅದು ಉಚಿತ, ಕನ್ನಡವನ್ನೂ ಓದಬಲ್ಲದು. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಮತ್ತು ಅವರ ಶಿಷ್ಯರು, ಕನ್ನಡ ಬರಹಕ್ಕೆ ಧ್ವನಿ ಕೊಡುವ ಹಾಗೂ ಮುದ್ರಿತ ಪುಟದ ಅಕ್ಷರಗಳನ್ನು ಗುರುತಿಸುವ ತಂತ್ರಗಳಿಗಾಗಿ ವರ್ಷಗಟ್ಟಲೆ ದುಡಿದಿದ್ದಾರೆ.

ಹಾಗಿದ್ದೂ ಹೆಬ್ಬಾಳದಲ್ಲಿ ಕೊಠಡಿ ಹಿಡಿದು ಇತಿಹಾಸದ ಎಂ.ಎ. ಓದುತ್ತಿರುವ ನಮ್ಮ ಧರ್ಮಕೇಂದ್ರದ ಯುವಕನೊಬ್ಬನ ಗಣಕ, ಕನ್ನಡ ಟಿಪ್ಪಣಿಗಳ ಮುಂದೆ ಮೂಕವಾಗುತ್ತದೆ. ಕಾರಣ ವಿಚಿತ್ರ. ಕೆಲವು ಟಿಪ್ಪಣಿಗಳು ಮೊಬೈಲಿನಲ್ಲಿ ತೆಗೆದ ಪುಟದ ಚಿತ್ರಗಳು. ತಂತ್ರಾಂಶಕ್ಕೆ ಅವು ಅಕ್ಷರಗಳಲ್ಲ, ಬರೀ ಪಟ. ಉಳಿದವು ಹಳೆಯ ನುಡಿ ಮಾದರಿಯ ಅಕ್ಷರಗಳಲ್ಲಿ ಟೈಪಾದವು. ಇವುಗಳ ಒಳಗುಟ್ಟು ಅನೇಕ ಅಧ್ಯಾಪಕರಿಗೆ ತಿಳಿದಿಲ್ಲ: ಮೇಲೆ ಕಾಣುವ ಕನ್ನಡ ಒಂದು ವೇಷ ಮಾತ್ರ. ಪರದೆಯ ಮೇಲೆ 'ಕ' ಕಾಣುವಲ್ಲಿ ಯಂತ್ರದೊಳಗೆ ಇರುವುದು ಇಂಗ್ಲಿಷಿನ 'ಪಿ', ಅದಕ್ಕೊಂದು ಬಾಲ. ಕಣ್ಣುಳ್ಳವನು 'ಕದಂಬರು' ಎಂದು ಓದುವಲ್ಲಿ ನಮ್ಮ ಯುವಕನಿಗೆ ಕೇಳುವುದು ಅರ್ಥವಿಲ್ಲದ ಗದ್ದಲ. ಯೂನಿಕೋಡಿನಲ್ಲಿ ಟೈಪಾಗಿದ್ದರೆ ಈ ತೊಡಕೇ ಇಲ್ಲ, ಏಕೆಂದರೆ ಅಲ್ಲಿ 'ಕ' ಎಂದರೆ 'ಕ'ವೇ. (ರೂಪ ಮತ್ತು ದ್ರವ್ಯದ ಸಂಬಂಧವನ್ನು ಸೆಮಿನರಿಯಲ್ಲಿ ಬಹುಕಾಲ ಚರ್ಚಿಸಿದವರು ನಾವು, ಇಷ್ಟು ಒಳ್ಳೆಯ ಉದಾಹರಣೆ ಆಗ ದೊರೆತಿರಲಿಲ್ಲ.)

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಾಗದಂತೆ ಸ್ಥಾನಗಳನ್ನು ಮೀಸಲಿಡಬೇಕೆನ್ನುತ್ತದೆ. "ಸೀಟು ಸಿಕ್ಕಿತು ಸ್ವಾಮಿ, ಪಾಠ ಸಿಗಲಿಲ್ಲ" ಎಂದ ಆತ. ಇಂಗ್ಲಿಷಿನಲ್ಲಿ ಓದುವ ಗೆಳೆಯನಿಗೆ ಇಷ್ಟು ಕಷ್ಟವಿಲ್ಲ. ಕನ್ನಡದಲ್ಲಿ ಓದಹೊರಟವನಿಗೆ ಈ ದಂಡ! ಶ್ರವಣದೋಷವುಳ್ಳವರಿಗೆ ಅಕ್ಷರವಿಲ್ಲದ ವೀಡಿಯೋ ಪಾಠಗಳೂ, ಗಾಲಿಕುರ್ಚಿಯವರಿಗೆ ಮೂರನೆಯ ಮಹಡಿಯ ಗಣಕ ಕೊಠಡಿಯೂ ಇದೇ ಬಗೆಯ ಮುಚ್ಚಿದ ಬಾಗಿಲುಗಳು.

ಯಲಹಂಕ, ಆರ್.ಟಿ. ನಗರಗಳ ಕಾಲೇಜುಗಳಲ್ಲಿ ಬೋಧಿಸುವ ವಾಚಕರು ಈ ಅಂಕಣಕ್ಕೆ ಅನೇಕರಿದ್ದಾರೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಸಾಧನಗಳಿವೆ. ಆದರೆ ಒತ್ತಕ್ಷರಗಳು ಕೆಲವೊಮ್ಮೆ ಎಡವುತ್ತವೆ, ಒಮ್ಮೆ ತಿದ್ದಿ ನೋಡಬೇಕು. ಪಟವಾಗಿರುವ ಪುಟಗಳನ್ನು ಟೈಪು ಮಾಡಿಕೊಡಲು ನಮ್ಮ ಯುವಜನರು ಮುಂದೆ ಬಂದಿದ್ದಾರೆ. ಪುಸ್ತಕದ ಪುಟಗಳಾದರೆ ಹಕ್ಕುಸ್ವಾಮ್ಯದ ಅಡ್ಡಿ ಬಾರದೇ ಎಂದು ಅವರಲ್ಲೊಬ್ಬರು ಕೇಳಿದರು. ಅಂಗವಿಕಲರ ಸ್ವಂತ ಓದಿಗಾಗಿ ಹೀಗೆ ರೂಪಾಂತರಿಸಲು 2012ರ ತಿದ್ದುಪಡಿಯೇ ಅನುಮತಿ ಕೊಟ್ಟಿದೆ.