ವೇಷ ತೊಟ್ಟ ಚಿತ್ರಗಳು

ವೇಷವೆಂದರೇನೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಾದುದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಮೂಡಿಗೆರೆಯ ಕಡೆಗೋ ಕಳಸದ ಕಡೆಗೋ ಯಕ್ಷಗಾನದ ಮೇಳ ಬಂತೆನ್ನಿ. ರಂಗಸ್ಥಳದಲ್ಲಿ ಸುಳಿಯುವ ದ್ರೌಪದಿ ಗಂಡಸೆಂಬುದು ಮುಂದೆ ಕುಳಿತ ಹುಡುಗನಿಗೂ ಗೊತ್ತು. ಆದರೂ ಅವಳ ಅಳಲಿಗೆ ನಮ್ಮ ಕಣ್ಣು ತೇವವಾಗುತ್ತದೆ. ಅದು ವೇಷವೆಂದು ತಿಳಿದೇ ನೋಡುವುದರಲ್ಲಿ ಒಂದು ಬಗೆಯ ವಿವೇಕವಿದೆ.

ಈ ವಿವೇಕವನ್ನು ಕ್ಯಾಮರಾದ ಎದುರಿಗೆ ತಂದವರು ಕಲಾವಿದೆ ಪುಷ್ಪಮಾಲಾ ಎನ್. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಬರೋಡೆಯಲ್ಲಿ ಶಿಲ್ಪಕಲೆ ಕಲಿತರು. 1990ರ ದಶಕದ ನಡುವಿನಿಂದ ಜೇಡಿಮಣ್ಣಿನ ಬದಲು ತಮ್ಮ ದೇಹವನ್ನೇ ಬಳಸತೊಡಗಿದರು. ಉಡುಪು, ಒಡವೆ, ಪರದೆ ಎಲ್ಲವನ್ನೂ ಹೊಂದಿಸಿ, ತಾವೇ ಪಾತ್ರವಾಗಿ ನಿಲ್ಲುತ್ತಾರೆ. ಛಾಯಾಗ್ರಾಹಕರು ಚಿತ್ರ ತೆಗೆಯುತ್ತಾರೆ. ಇದು ನಾಟಕವೋ, ಫೋಟೋವೋ? ಎರಡೂ ಹೌದು. ಆಟವು ಅಲ್ಲಿಗೆ ಮುಗಿದರೂ ಚಿತ್ರ ಉಳಿಯುತ್ತದೆ.

2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ಅವರು ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಒಂದು ದೊಡ್ಡ ಚಿತ್ರಮಾಲೆ ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ. ಕ್ಯಾಲೆಂಡರಿನಲ್ಲಿಯೋ ದೇವರ ಗೂಡಿನ ಪಕ್ಕದಲ್ಲಿಯೋ ನೀವು ದಿನವೂ ಕಾಣುವ ಲಕ್ಷ್ಮಿಯೇ. ಹಾಗೆಯೇ, ಚೌಕಳಿ ಪರದೆಯ ಮುಂದೆ ಅಳತೆಗೆಂದು ನಿಲ್ಲಿಸಿದ ಬುಡಕಟ್ಟಿನ ಹೆಂಗಸೂ ಇದ್ದಾಳೆ. ಬ್ರಿಟಿಷರ ಕಾಲದಲ್ಲಿ ಜನರನ್ನು ಜಾತಿ, ಕುಲಗಳ ಮಾದರಿಗಳೆಂದು ಚಿತ್ರ ತೆಗೆದು, 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ್ದುಂಟು. ದೇವಿಯಾಗಿಯೂ ಮಾದರಿಯಾಗಿಯೂ ಒಬ್ಬಳೇ ನಿಂತಾಗ, ಎರಡನ್ನೂ ಯಾರೋ ಕಟ್ಟಿದ್ದೆಂಬುದು ಬಯಲಾಗುತ್ತದೆ. ಕಟ್ಟಿದ ಬಗೆಯನ್ನು ತೋರಿಸುವ ಚಿತ್ರಗಳನ್ನೂ ಅವರು ಅದೇ ಮಾಲೆಗೆ ಸೇರಿಸಿದ್ದಾರೆ. ಚೌಕಿಯ ಬಾಗಿಲನ್ನೇ ತೆರೆದಿಟ್ಟಂತೆ.

ಚಲಿಸುವ ಚಿತ್ರವನ್ನೂ ಅವರು ಬಿಟ್ಟಿಲ್ಲ. 2004ರ ‘ರಾಷ್ಟ್ರೀಯ ಖೀರ್ ಅಂಡ್ ದೇಸೀಯ ಸಲಾಡ್’ ಎಂಬ ಕಿರುಚಿತ್ರಕ್ಕೆ ಆಧಾರವಾದುದು ತಾಯಿ ಮತ್ತು ಅತ್ತೆಯವರ ಹಳೆಯ ಅಡಿಗೆ ಪುಸ್ತಕಗಳು. ನಿಮ್ಮ ಮನೆಯ ಕಪಾಟಿನಲ್ಲಿಯೂ ಎಣ್ಣೆಯ ಕಲೆಯ ಅಂಥ ಒಂದು ಪುಸ್ತಕ ಇದ್ದೀತು. ಸೇರು, ಪಾವುಗಳ ಲೆಕ್ಕದ ನಡುವೆ, ಹೊಸ ರಾಷ್ಟ್ರದ ಗೃಹಿಣಿ ಹೇಗಿರಬೇಕೆಂಬ ಪಾಠವೂ ಅಡಗಿರುತ್ತದೆಂಬುದನ್ನು ಆ ಚಿತ್ರ ನಗುನಗುತ್ತಲೇ ಕಾಣಿಸುತ್ತದೆ.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ಕಾಫಿಪುಡಿಯ ಪೊಟ್ಟಣದ ಮೇಲೆ ಬುಟ್ಟಿ ಹಿಡಿದು ನಗುವ ಹೆಂಗಸೊಬ್ಬಳ ಚಿತ್ರವಿದೆಯೆನ್ನಿ. ಚಿಕ್ಕಮಗಳೂರಿನ ತೋಟಗಳಲ್ಲಿ ಹಣ್ಣು ಕೊಯ್ಯುವವಳ ಕೈಯಲ್ಲಿ ಗೀರು, ದಿನದ ಕೊನೆಗೆ ತೂಕದ ಲೆಕ್ಕ. ಚಿತ್ರದವಳ ಸೀರೆಗೆ ಕೆಸರು ಹತ್ತಿಲ್ಲ. ನಗು ಎಂದು ಹೇಳಿದವರು ಯಾರು? ಆ ಬುಟ್ಟಿ ಯಾರದು? ಯಕ್ಷಗಾನದ ವೇಷವನ್ನು ವೇಷವೆಂದು ಬಲ್ಲ ನಾವು, ಈ ವೇಷದ ಎದುರಿಗೆ ಮಾತ್ರ ಏಕೆ ಸುಮ್ಮನಿರುತ್ತೇವೆ? ಮುಂದಿನ ಸಲ ಪೊಟ್ಟಣ ಬಿಚ್ಚುವ ಮುನ್ನ ಒಂದು ಗಳಿಗೆ ಆ ಮುಖವನ್ನು ನೋಡಿರಿ.